ಕಂಟ್ರೋಲ್ ಕ್ಯೂ ಒತ್ತೋ ಮೊದಲು

ಮೊದಲೇ ಹೇಳಿಬಿಡ್ತೀನಿ, ಇದು ನನ್ನ ಕಸುಬಿನವರ ಮೇಲೆ ನಾನೇ ಬರೀತಿರೋ ತಕರಾರು. ಸಿಟ್ಟು ಬಂದರೆ ಬರಲಿ. ಗದಗ-ಬೆಟಗೇರಿಯಲ್ಲಿ ಇಪ್ಪತ್ತು ವರ್ಷದ ಮೇಲಾಯ್ತು, ಡಿಟಿಪಿ ಮಾಡಿಕೊಂಡೇ ಹೊಟ್ಟೆ ಹೊರೀತಿದ್ದೀನಿ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಹ್ಯಾಂಡ್‌ಬಿಲ್, ಸಹಕಾರಿ ಸಂಘದ ವಾರ್ಷಿಕ ವರದಿ, ಶಾಲೆಯ ಸ್ಮರಣ ಸಂಚಿಕೆ, ಎಲ್ಲ ಮಾಡಿದ್ದೀನಿ. ಹಾಗಾಗಿ ಕೆಳಗೆ ಪಟ್ಟಿ ಮಾಡಿರೋ ತಪ್ಪುಗಳಲ್ಲಿ ನಾನು ಮಾಡದೇ ಇರೋದು ಒಂದೂ ಇಲ್ಲ. ಕೊನೇದನ್ನಂತೂ ಎಷ್ಟು ಚೆನ್ನಾಗಿ ಮಾಡಿದೆ ಅಂದರೆ, ಅದರ ಫಲ ಉಂಡವರು ಬೇರೆಯವರು.

ನಮ್ಮೂರಲ್ಲಿ ಕೋರಲ್ ಡ್ರಾ ಇಲ್ಲದ ಡಿಟಿಪಿ ಅಂಗಡಿ ನಾನು ನೋಡಿಲ್ಲ. ಕೋರಲ್ ಡ್ರಾ ಗೊತ್ತಿರೋ ಅಂಗಡಿ ಮಾತ್ರ ಬೆರಳಲ್ಲಿ ಎಣಿಸಬಹುದು. ಇದೇ ನನ್ನ ತಕರಾರು. ಗೆರೆ ಬರೆಯೋಕೆ, ಅಕ್ಷರ ಕೂಡಿಸೋಕೆ ಇರೋ ಸಾಧನವನ್ನು ನಾವು ಅಂಟು ಮತ್ತು ಕತ್ತರಿ ಮಾಡಿಕೊಂಡಿದ್ದೀವಿ. ವಾಟ್ಸಾಪ್‌ನಲ್ಲಿ ಬಂದ ಫೋಟೋ ಅಂಟಿಸು, ಹಳೇ ಫೈಲಿನಿಂದ ಬಾರ್ಡರ್ ಕತ್ತರಿಸು, ಹೆಸರು ಬದಲಿಸು, ಕರ್ವ್ ಮಾಡು, ಪ್ರೆಸ್‌ಗೆ ಕಳಿಸು. ಮುಗೀತು.

ಮುಂಡರಗಿ ಕಡೆಯ ಬೀಜ-ಗೊಬ್ಬರದ ಅಂಗಡಿಯವರೊಬ್ಬರು ಬಂದಿದ್ದರು. ಕೈಯಲ್ಲಿ ಮೊಬೈಲ್. ಅದರಲ್ಲಿ ಅವರ ಅಂಗಡಿಯ ಚಿಹ್ನೆ. ಯಾರೋ ಕಳಿಸಿದ್ದು, ಅವರಿಗೆ ಇನ್ಯಾರೋ ಕಳಿಸಿದ್ದು.

“ಇದನ್ನ ಹಂಗ ಹೊಡದ್ ಕೊಡ್ರಿ ಸರ. ಬಿಲ್ ಬುಕ್ಕಿಗೂ ಬೇಕು, ಹತ್ತು ಫೂಟಿನ ಬ್ಯಾನರಿಗೂ ಬೇಕು.”

“ಮೂಲ ಫೈಲ್ ಐತೇನ್ರಿ?”

“ಇದ ಮೂಲರಿ. ನೋಡ್ರಿ, ಎಷ್ಟ್ ಕ್ಲಿಯರ್ ಐತಿ.”

ಮೊಬೈಲ್ ಪರದೆ ಮೇಲೆ ಎಲ್ಲವೂ ಕ್ಲಿಯರ್ರೇ. ಲೆಕ್ಕ ಹಾಕಿ ನೋಡಿ. ಆಫ್‌ಸೆಟ್ ಮುದ್ರಣಕ್ಕೆ ಒಂದು ಇಂಚಿಗೆ 300 ಪಿಕ್ಸೆಲ್ ಬೇಕು ಅಂತ ನಾವೆಲ್ಲ ಕಲಿತಿದ್ದೀವಿ. 640 ಪಿಕ್ಸೆಲ್ ಅಗಲದ ಚಿತ್ರ ಬಂದರೆ ಅದು ಎರಡು ಇಂಚಿಗೆ ಸಾಕು. ಬ್ಯಾನರ್ ದೂರದಿಂದ ನೋಡೋದು, ಅಷ್ಟು ಬೇಕಿಲ್ಲ, ಒಪ್ಪಿದೆ. ಆದರೂ ಹತ್ತು ಫೂಟಿಗೆ ಎಳೆದರೆ ಭತ್ತದ ತೆನೆಯೋ ಜೋಳದ ತೆನೆಯೋ ತಿಳಿಯಬಾರದು, ಹಾಗಾಗುತ್ತೆ. ನಮ್ಮವರು ಮಾಡೋದೇನು? ಅದೇ ಫೋಟೋವನ್ನು ಎಳೀತಾರೆ. ಸ್ವಲ್ಪ ಬುದ್ಧಿವಂತರಾದರೆ ಟ್ರೇಸ್ ಗುಂಡಿ ಒತ್ತುತ್ತಾರೆ. ಸಾಫ್ಟ್‌ವೇರ್ ಆ ಮಸುಕು ಅಂಚನ್ನೇ ನಂಬಿ ಸಾವಿರಾರು ನೋಡ್ ಹಾಕಿ, ಇಲಿ ಕಡಿದ ರೊಟ್ಟಿಯಂಥ ಗೆರೆ ಕೊಡುತ್ತೆ.

ವೆಕ್ಟರ್ ಅಂದರೆ ಏನು ಅಂತ ಚುಕ್ಕಿ ರಂಗೋಲಿ ಹಾಕೋ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಇಲ್ಲಿಂದ ಹೊರಡು, ಇಷ್ಟು ಬಾಗು, ಅಲ್ಲಿ ಮುಟ್ಟು. ಅಂಗಳ ಸಣ್ಣದಿದ್ದರೆ ಸಣ್ಣ ರಂಗೋಲಿ, ದೊಡ್ಡದಿದ್ದರೆ ದೊಡ್ಡದು, ಗೆರೆಯ ಬಳುಕು ಅದೇ. ಫ್ರಾನ್ಸಿನ ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೇ 1960ರ ದಶಕದಲ್ಲಿ ಕಾರಿನ ಮೈಯ ಬಾಗು ಬರೆಯೋಕೆ ಬಳಸಿದ ಲೆಕ್ಕ ಇದು. 1984ರಲ್ಲಿ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಮೂಲಕ ಅದೇ ಲೆಕ್ಕ ಮುದ್ರಣಕ್ಕೆ ಬಂತು. 1987ರಲ್ಲಿ ಇಲಸ್ಟ್ರೇಟರ್, 1989ರಲ್ಲಿ ಕೋರಲ್ ಡ್ರಾ. ಆ ಬೀಜದಂಗಡಿಯ ಚಿಹ್ನೆಯನ್ನು ನಾನು ಆವತ್ತು ಕೂತು ಕೈಯಾರೆ ಬರೆದೆ. ನಲವತ್ತು ನೋಡ್, ಎರಡು ತಾಸು. ಈಗ ಅದು ಬೀಜದ ಪೊಟ್ಟಣದ ಮೇಲೂ ಸರಿ, ಗೋಡೆ ಮೇಲೂ ಸರಿ. ಎರಡು ತಾಸಿನ ರೊಕ್ಕ ಕೇಳಿದಾಗ ಅವರು ನನ್ನ ಮುಖ ನೋಡಿದ ರೀತಿ ಬೇರೆ ವಿಷಯ. ಅದಕ್ಕೆ ಆಮೇಲೆ ಬರ್ತೀನಿ.

ಇನ್ನು ಕಪ್ಪು. ಶಿರಹಟ್ಟಿ ಕಡೆಯ ಒಂದು ಊರಿನ ಜಾತ್ರೆಯ ಹ್ಯಾಂಡ್‌ಬಿಲ್ ಬಂದಿತ್ತು. ಫೈಲ್ ಬೇರೆಯವರದು, ಮುದ್ರಣ ಮಾಡಿಸಿಕೊಡೋದಷ್ಟೇ ನನ್ನ ಕೆಲಸ. ಸಣ್ಣ ಅಕ್ಷರದಲ್ಲಿ ಕಾರ್ಯಕ್ರಮದ ಪಟ್ಟಿ. ಮುದ್ರಣವಾಗಿ ಬಂದಾಗ ಪ್ರತಿ ಅಕ್ಷರದ ಬೆನ್ನಿಗೆ ಕೆಂಪು ನೆರಳು, ಹೊಟ್ಟೆಗೆ ನೀಲಿ ನೆರಳು. ಜಾತ್ರೆ ಕಮಿಟಿಯವರು ಮಷಿನ್ ಸರಿ ಇಲ್ಲ ಅಂತ ಪ್ರೆಸ್‌ನವರ ಮೇಲೆ ಹರಿಹಾಯ್ದರು. ಮಷಿನ್ ಸರಿಯಾಗೇ ಇತ್ತು. ಫೈಲಿನಲ್ಲಿದ್ದ ಕಪ್ಪು ಆರ್‌ಜಿಬಿ ಕಪ್ಪು. ಸಿಎಂವೈಕೆ ಆದಾಗ ಅದು ನಾಲ್ಕೂ ಬಣ್ಣಕ್ಕೆ ಹಂಚಿಹೋಗುತ್ತೆ. ನಾಲ್ಕು ಪ್ಲೇಟು ಒಂದರ ಮೇಲೊಂದು ಕೂದಲೆಳೆಯಷ್ಟೂ ಸರಿಯದೆ ಕೂತರೆ ಮಾತ್ರ ಚೆನ್ನ. ಕಾಗದ ಅನ್ನೋದು ಸರಿಯೋ ವಸ್ತು. ಅಕ್ಷರದ ಕಪ್ಪು ಬರೀ ಕೆ ನೂರು ಇರಲಿ, ಕೆಳಗಿನ ಬಣ್ಣದ ಮೇಲೆ ಓವರ್‌ಪ್ರಿಂಟ್ ಆಗಲಿ. ಇಷ್ಟು ಮಾಡೋಕೆ ಅರ್ಧ ನಿಮಿಷ. ಆ ಅರ್ಧ ನಿಮಿಷ ಯಾರ ಹತ್ತಿರವೂ ಇಲ್ಲ.

ಇದೆಲ್ಲ ಸಣ್ಣ ಮಾತು ಅನ್ನಿಸಬಹುದು. ಜಾತ್ರೆ ಮುಗಿದ ಮೇಲೆ ಹ್ಯಾಂಡ್‌ಬಿಲ್‌ನಲ್ಲಿ ಮಿರ್ಚಿ ಕಟ್ಟಿದರಾಯ್ತು. ಈಗ ಸಣ್ಣದಲ್ಲದ ಮಾತಿಗೆ ಬರ್ತೀನಿ.

2009ರಲ್ಲಿ ಲಕ್ಷ್ಮೇಶ್ವರ ಕಡೆಯ ಹಳ್ಳಿಯೊಂದರ ನಿವೃತ್ತ ಮಾಸ್ತರೊಬ್ಬರು ನನ್ನ ಹತ್ತಿರ ಒಂದು ಪುಸ್ತಕ ಮಾಡಿಸಿದರು. ಅವರ ಊರಿನ ಬಗ್ಗೆ. ಗುಡಿ, ಮಠ, ಮಸೂತಿ, ಕೆರೆ, ಬಾವಿ, ಮನೆತನಗಳು. ಎಲ್ಲಕ್ಕಿಂತ ಹೆಚ್ಚಾಗಿ ಹೊಲಗಳ ಹೆಸರು. ಯಾವುದು ಎರಿ, ಯಾವುದು ಮಸಾರಿ, ಯಾವ ಹೊಲಕ್ಕೆ ಆ ಹೆಸರು ಯಾಕೆ ಬಂತು, ಹೇಳಿದವರು ಯಾರು, ಎಲ್ಲ. ಹದಿನೈದು ವರ್ಷ ಸೈಕಲ್ ತುಳಿದು ಮುದುಕರ ಹತ್ತಿರ ಕೇಳಿ ಬರೆದುಕೊಂಡದ್ದು. 160 ಪುಟ, ಐದುನೂರು ಪ್ರತಿ. ಪೆನ್ಶನ್ ರೊಕ್ಕದಲ್ಲಿ.

ಪುಸ್ತಕಕ್ಕೆ ಪೇಜ್‌ಮೇಕರ್ ಬಳಸಬೇಕಿತ್ತು. ನಕಾಶೆ ಬಹಳ ಇವೆ ಅಂತ ನಾನು ಪೂರಾ ಪುಸ್ತಕವನ್ನು ಕೋರಲ್‌ನಲ್ಲೇ ಕೂಡಿಸಿದೆ. ಅದು ಮೊದಲ ತಪ್ಪು. ಹೊಲದ ಹೆಸರುಗಳು ಎದ್ದು ಕಾಣಲಿ ಅಂದರು ಮಾಸ್ತರು. ನನ್ನ ಫಾಂಟಿನಲ್ಲಿ ಬೋಲ್ಡ್ ಇರಲಿಲ್ಲ. ಎಫ್12 ಒತ್ತಿ ಅಕ್ಷರಕ್ಕೆ ಕಪ್ಪು ಔಟ್‌ಲೈನ್ ಕೊಟ್ಟು ದಪ್ಪ ಮಾಡಿದೆ. ಎರಡನೇ ತಪ್ಪು. ಕೊನೆಗೆ ಪ್ರೆಸ್‌ನವರು “ಕರ್ವ್ ಮಾಡಿ ಕೊಡ್ರಿ, ಫಾಂಟ್ ಒಡೀತಾವು” ಅಂದರು. ಎಲ್ಲ ಆಯ್ಕೆ ಮಾಡಿ ಕಂಟ್ರೋಲ್ ಕ್ಯೂ ಒತ್ತಿದೆ, ಅದರ ಮೇಲೇ ಸೇವ್ ಮಾಡಿದೆ, ಸಿ.ಡಿ.ಗೆ ಬರೆದು ಕೊಟ್ಟೆ. ಮೂರನೇದು. ಅದು ತಪ್ಪು ಅಂತ ನನಗೆ ಆವತ್ತು ಅನ್ನಿಸಲೇ ಇಲ್ಲ. ಎಲ್ಲರೂ ಹಾಗೇ ಮಾಡ್ತಿದ್ದೆವು.

ಮೂರು ವರ್ಷದ ಹಿಂದೆ ಅವರ ಮಗಳು ಅಂಗಡಿಗೆ ಬಂದರು. ಮಾಸ್ತರು ತೀರಿಕೊಂಡಿದ್ದರು. ಆಕೆಯ ಕೈಯಲ್ಲಿ ಅದೇ ಸಿ.ಡಿ., ಜೊತೆಗೆ ಮಾಸ್ತರ ಸ್ವಂತ ಪ್ರತಿ. ಎರಡನೇ ಮುದ್ರಣಕ್ಕೆ ಅಂತ ಅವರು ಅಂಚಿನಲ್ಲಿ ಪೆನ್ಸಿಲಿನಿಂದ ತಿದ್ದುಪಡಿ ಬರೆದಿಟ್ಟಿದ್ದರು. ಆದರೆ ಅರ್ಧ ಪುಸ್ತಕಕ್ಕೆ ಬರುವಷ್ಟರಲ್ಲಿ ಕಣ್ಣು ಕೈಕೊಟ್ಟಿದ್ದವಂತೆ.

“ಅಣ್ಣಾರ, ಅಪ್ಪಾರ ಪುಸ್ತಕ ಇನ್ನೊಮ್ಮೆ ಹಾಕಿಸಬೇಕ್ರಿ. ಫೈಲ್ ಐತೆಲ್ಲ, ತಿದ್ದೋದಷ್ಟ ಅಲ್ರಿ?”

ಸಿ.ಡಿ. ಪುಣ್ಯಕ್ಕೆ ಓದಿತು. ಫೈಲ್ ತೆರೀತು. ಪುಟಗಳು ಕನ್ನಡಿಯಂತೆ ಕಂಡವು. ಮೊದಲ ತಿದ್ದುಪಡಿ ಮಾಡೋಣ ಅಂತ ಅಕ್ಷರದ ಮೇಲೆ ಕರ್ಸರ್ ಇಟ್ಟೆ. ಅಲ್ಲಿ ಅಕ್ಷರ ಇರಲಿಲ್ಲ. ಅಕ್ಷರದ ಆಕಾರ ಇತ್ತು. ಊರ ಹೆಸರು ಹುಡುಕು ಅಂದೆ. 160 ಪುಟದಲ್ಲಿ ಒಂದೂ ಸಿಗಲಿಲ್ಲ. ಕಂಪ್ಯೂಟರಿಗೆ ಅದು ಪುಸ್ತಕವೇ ಅಲ್ಲ, ಲಕ್ಷಗಟ್ಟಲೆ ಬಾಗಿದ ಗೆರೆ. ಒಂದು ‘ದ’ವನ್ನು ‘ಧ’ ಮಾಡಬೇಕಂದರೆ ಬೇರೆ ಕಡೆಯಿಂದ ‘ಧ’ದ ಆಕಾರ ಹುಡುಕಿ ತಂದು ಕೂಡಿಸಬೇಕು.

ಆಕೆಗೆ ಇದನ್ನು ಹೇಗೆ ಹೇಳೋದು? “ಫೈಲ್ ಐತ್ರಿ ಅವ್ವಾರ, ಅದರಾಗ ಅಕ್ಷರ ಇಲ್ಲ” ಅಂದೆ. ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗೋ ಮಾತೂ ಅಲ್ಲ ಅದು.

ಪುಸ್ತಕ ಸ್ಕ್ಯಾನ್ ಮಾಡಿ ಓಸಿಆರ್‌ಗೆ ಕೊಟ್ಟೆವು. ಸಾದಾ ಸಾಲುಗಳು ತಕ್ಕಮಟ್ಟಿಗೆ ಬಂದವು, ಒತ್ತಕ್ಷರಗಳಲ್ಲಿ ತಪ್ಪು ರಾಶಿ. ಆಕೆ ಕೂತು ತಿದ್ದಿದರು. ಮೂರು ತಿಂಗಳು. ಕೊನೆಗೆ ಉಳಿದದ್ದು ಹೊಲಗಳ ಹೆಸರು. ಅಲ್ಲಿ ಓಸಿಆರ್ ಅಲ್ಲ, ನಮ್ಮ ಕಣ್ಣೇ ಸೋತಿತು.

ಯಾಕಂದರೆ ಆ ಔಟ್‌ಲೈನ್. ಕನ್ನಡದಲ್ಲಿ ‘ದ’ಕ್ಕೂ ‘ಧ’ಕ್ಕೂ, ‘ಪ’ಕ್ಕೂ ‘ಫ’ಕ್ಕೂ, ‘ಡ’ಕ್ಕೂ ‘ಢ’ಕ್ಕೂ ಇರೋ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಸುತ್ತ ಗೆರೆ ದಪ್ಪ ಮಾಡಿದರೆ ಆ ಸೀಳು ಮುಚ್ಚಿಹೋಗುತ್ತೆ. ಧನ ಹೋಗಿ ದನ ಆಗುತ್ತೆ. ಲಗ್ನಪತ್ರಿಕೆಯಲ್ಲಾದರೆ ಓದುವವರು ಊಹಿಸಿಕೊಳ್ತಾರೆ. ಹೊಲದ ಹೆಸರನ್ನು ಏನಂತ ಊಹಿಸೋದು? ಅದು ಯಾವ ನಿಘಂಟಿನಲ್ಲೂ ಇಲ್ಲ. ಹೇಳಿದ ಮುದುಕರಿಲ್ಲ, ಬರೆದ ಮಾಸ್ತರಿಲ್ಲ. ಹಸ್ತಪ್ರತಿ ಮನೆ ಬದಲಿಸುವಾಗ ಎಲ್ಲೋ ಹೋಗಿತ್ತು. ಹದಿನೇಳು ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಎರಡನೇ ಮುದ್ರಣ ತಂದೆವು. ಮಾಸ್ತರ ಹದಿನೈದು ವರ್ಷದಲ್ಲಿ ಹದಿನೇಳು ಹೊಲ ನಾನು ನುಂಗಿದೆ. ಎಫ್12 ಮತ್ತು ಕಂಟ್ರೋಲ್ ಕ್ಯೂ, ಎರಡೇ ಕೀಲಿ ಸಾಕಾದವು.

ಅದೇ ಸಾಫ್ಟ್‌ವೇರಿನ ಅದೇ ಔಟ್‌ಲೈನ್ ಕಿಟಕಿಯಲ್ಲಿ ‘ಬಿಹೈಂಡ್ ಫಿಲ್’ ಅಂತ ಒಂದು ಗುರುತು ಇದೆ. ಅದನ್ನು ಹಾಕಿದರೆ ಗೆರೆ ಅಕ್ಷರದ ಹಿಂದೆ ಹೋಗುತ್ತೆ. ಹೆಡ್ಡಿಂಗಿಗೆ ಬೇರೆ ಬಣ್ಣದ ಅಂಚು ಕೊಡುವಾಗ ಅಕ್ಷರದ ಮೈ ಹಾಗೇ ಉಳಿಯುತ್ತೆ. ಪಕ್ಕದಲ್ಲೇ ‘ಸ್ಕೇಲ್ ವಿತ್ ಆಬ್ಜೆಕ್ಟ್’ ಇದೆ. ಅದನ್ನು ಹಾಕದೆ ದೊಡ್ಡ ಅಕ್ಷರವನ್ನು ಚಿಕ್ಕದು ಮಾಡಿದರೆ ಅಕ್ಷರ ಕುಗ್ಗುತ್ತೆ, ಗೆರೆ ಕುಗ್ಗಲ್ಲ, ಮಸಿ ಮುದ್ದೆಯಾಗುತ್ತೆ. ಆದರೆ ಅಕ್ಷರದ ಬಣ್ಣದ್ದೇ ಅಂಚು ಕೊಟ್ಟು ದಪ್ಪ ಮಾಡೋದಕ್ಕೆ ಯಾವ ಗುರುತೂ ಮದ್ದಲ್ಲ. ಹಿಂದೆ ಹೋದರೂ ಸೀಳು ಮುಚ್ಚೇ ಮುಚ್ಚುತ್ತೆ. ಅದಕ್ಕೆ ಬೋಲ್ಡ್ ಇರೋ ಫಾಂಟೇ ಬೇಕು. ಇದು ಯಾವ ದೊಡ್ಡ ವಿದ್ಯೆಯೂ ಅಲ್ಲ. ಕಿಟಕಿ ದಿನಾ ತೆರೀತಿದ್ದೆ. ಓದಿರಲಿಲ್ಲ.

ಈಗ ನನ್ನ ಗೆಳೆಯರು ಹೇಳೋ ಮಾತುಗಳಿಗೆ ಬರೋಣ. ನಾನು ಈ ವಿಷಯ ಎತ್ತಿದಾಗೆಲ್ಲ ಇವೇ ಬರ್ತಾವೆ.

“ಪ್ರೆಸ್‌ನವ್ರ ಕರ್ವ್ ಕೇಳ್ತಾರ್ರಿ, ನಾವೇನ್ ಮಾಡೂಣು?” ಮಾಡಿ, ಬೇಡ ಅಂದೋರ್ಯಾರು? ಪ್ರೆಸ್‌ಗೆ ಕಳಿಸೋ ಫೈಲ್ ಕರ್ವ್ ಆಗಲಿ. ಅದಕ್ಕೆ ಬೇರೆ ಹೆಸರು ಕೊಡಿ. ಅಕ್ಷರ ಇರೋ ಮೂಲ ಫೈಲ್ ಬೇರೆ ಇಡಿ. ಎರಡು ಸಲ ಸೇವ್ ಮಾಡೋಕೆ ಕೈ ನೋಯುತ್ತಾ? ಅದೂ ಅಲ್ಲದೆ, ಫಾಂಟನ್ನೇ ಒಳಗಿಟ್ಟುಕೊಂಡು ಹೋಗೋ ಪಿಡಿಎಫ್ ಬಂದು ಎಷ್ಟು ಕಾಲವಾಯ್ತು? ಮುದ್ರಣಕ್ಕೆ ಅಂತಲೇ ಮಾಡಿದ ಪಿಡಿಎಫ್/ಎಕ್ಸ್-1ಎ ಅನ್ನೋ ಮಾದರಿಯಲ್ಲಿ ಫಾಂಟ್ ಒಳಗಿರೋದು ಕಡ್ಡಾಯ, ಆರ್‌ಜಿಬಿ ಬಣ್ಣ ನಿಷಿದ್ಧ. ಅದು 2001ರ ಮಾದರಿ. ನಾವಿನ್ನೂ “ಫಾಂಟ್ ಒಡೀತಾವು” ಅಂತ ಕೂತಿದ್ದೀವಿ.

“ಯುನಿಕೋಡ್ ಕೋರಲ್‌ನ್ಯಾಗ ಒತ್ತಕ್ಷರ ಬಿಚ್ಚತೈತ್ರಿ.” ಹಳೇ ಆವೃತ್ತಿಯಲ್ಲಿ ಹೌದು. ಅದಕ್ಕೇ ನುಡಿ, ಬರಹ, ಶ್ರೀಲಿಪಿಗಳ ಹಳೇ ಫಾಂಟಿಗೆ ಜೋತುಬಿದ್ದಿದ್ದೀವಿ. ಆ ಫಾಂಟುಗಳಲ್ಲಿ ಫೈಲಿನ ಒಳಗಿರೋದು ಕನ್ನಡವಲ್ಲ, ಇಂಗ್ಲಿಷ್ ಸಂಕೇತಗಳು. ಅವುಗಳ ಮೇಲೆ ಕನ್ನಡದ ಮುಖವಾಡ. ಫಾಂಟ್ ತೆಗೆದರೆ ಮುಖವಾಡ ಬಿತ್ತು, ಒಳಗೆ ಗೀಚುಬರಹ. ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದಕ್ಕೆ ತಿಳಿಯಲ್ಲ. ಕನ್ನಡ ಯುನಿಕೋಡ್‌ನಲ್ಲಿ ಇರೋದು 1991ರ ಮೊದಲ ಆವೃತ್ತಿಯಿಂದ. ಮೂವತ್ತು ವರ್ಷ ದಾಟಿತು. ಹೊಸ ಕೋರಲ್ ಕೊಳ್ಳೋ ಶಕ್ತಿ ಇಲ್ಲ ಅಂದರೆ ಇಂಕ್‌ಸ್ಕೇಪ್ ಇದೆ, ಪುಕ್ಕಟೆ, ಕಳ್ಳ ಪ್ರತಿಯ ಭಯವಿಲ್ಲ. ಯುನಿಕೋಡ್ ಕನ್ನಡ ಅದರಲ್ಲಿ ಒತ್ತು, ದೀರ್ಘ ಎಲ್ಲ ಸರಿಯಾಗಿ ಕೂಡುತ್ತೆ. ಸಿಎಂವೈಕೆ ವಿಷಯದಲ್ಲಿ ಅದು ದುರ್ಬಲ, ಸುಳ್ಳು ಹೇಳಲ್ಲ. ನಾನು ಮಾಡೋದು ಇಷ್ಟು: ಅಕ್ಷರ ಇಂಕ್‌ಸ್ಕೇಪ್‌ನಲ್ಲಿ ಕೂಡಿಸ್ತೀನಿ, ಪಿಡಿಎಫ್ ಮಾಡಿ ಕೋರಲ್‌ಗೆ ತರ್ತೀನಿ, ಅಲ್ಲಿ ಬಣ್ಣ ಸರಿ ಮಾಡ್ತೀನಿ. ಮೂಲ ಅಕ್ಷರ ಇಂಕ್‌ಸ್ಕೇಪ್ ಫೈಲಿನಲ್ಲಿ ಜೀವಂತ ಇರುತ್ತೆ.

“ಯುನಿಕೋಡ್‌ನ್ಯಾಗ ಚಂದನ್ನ ಫಾಂಟ್ ಇಲ್ರಿ.” ಇದು ಹತ್ತು ಹದಿನೈದು ವರ್ಷದ ಹಿಂದಿನ ಮಾತು. ಈಗ ಪುಸ್ತಕಕ್ಕೆ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಇವೆ. ಹೆಡ್ಡಿಂಗಿಗೆ ಬಾಲೂ ತಮ್ಮ, ಅನೇಕ್ ಕನ್ನಡ, ಅಕಾಯ ಕನಡಕ. ನಮ್ಮ ಪಕ್ಕದೂರಿನ ಹೆಸರಿನದೇ ಒಂದಿದೆ, ಹುಬ್ಬಳ್ಳಿ ಅಂತ. ಎಲ್ಲ ಪುಕ್ಕಟೆ, ಮುಕ್ತ ಪರವಾನಗಿಯವು. ಅನೇಕ್‌ನಲ್ಲಿ ತೆಳುವಿನಿಂದ ಅತಿ ದಪ್ಪದವರೆಗೆ ಹಲವು ತೂಕ ಇವೆ. ಅಕ್ಷರ ಬರೆದವರೇ ಸೀಳು ಮುಚ್ಚದ ಹಾಗೆ ದಪ್ಪ ಮಾಡಿಟ್ಟಿದ್ದಾರೆ. ಔಟ್‌ಲೈನ್ ಯಾಕೆ ಬೇಕು ಹೇಳಿ?

“ಗಿರಾಕಿ ರೊಕ್ಕ ಕೊಡಂಗಿಲ್ರಿ.” ಇದೊಂದೇ ನಿಜವಾದ ಮಾತು. ಕಾಗದಕ್ಕೆ ರೊಕ್ಕ, ಮಸಿಗೆ ರೊಕ್ಕ, ಬೈಂಡಿಂಗಿಗೆ ರೊಕ್ಕ, ಡಿಸೈನ್ ಮಾತ್ರ ಪುಕ್ಕಟೆ. ಅದನ್ನು ಪುಕ್ಕಟೆ ಮಾಡಿದವರು ಗಿರಾಕಿಗಳಲ್ಲ, ನಾವು. ಪಕ್ಕದ ಅಂಗಡಿಯವರು ನೂರು ಕಡಿಮೆ ಅಂದರು ಅಂತ ನಾವೂ ಇಳಿಸಿದೆವು. ಕೊನೆಗೆ ಇಳಿಸೋಕೆ ಉಳಿದದ್ದು ಕೆಲಸದ ಗುಣ ಒಂದೇ. ಆ ಬೀಜದಂಗಡಿಯವರು ಅವತ್ತು ಗೊಣಗಿಕೊಂಡೇ ಕೊಟ್ಟರು. ಆದರೆ ಮುಂದಿನ ವರ್ಷ ಅವರ ಅಣ್ಣನನ್ನೂ ಕರಕೊಂಡು ಬಂದರು. ಎಲ್ಲರೂ ಹಾಗೆ ಬರ್ತಾರೆ ಅಂತ ನಾನು ಹೇಳಲ್ಲ. ಬಾರದವರು ಬಹಳ. ಆದರೂ ಎರಡು ಸಲ ಸೇವ್ ಮಾಡೋಕೆ, ಕಪ್ಪನ್ನು ಕೆ ನೂರು ಮಾಡೋಕೆ ಯಾವ ಗಿರಾಕಿಯ ರೊಕ್ಕವೂ ಬೇಕಿಲ್ಲ. ಅದು ಕಸುಬಿನ ಮರ್ಯಾದೆ.

ಮರ್ಯಾದೆ ಅಂದೆ, ಯಾಕಂದರೆ ನಮ್ಮೂರಿಗೆ ಒಂದು ಹೆಸರಿದೆ. ಮುದ್ರಣ ಕಾಶಿ ಅಂತಾರೆ. ಸಂಕೇಶ್ವರ ಅವರ ನಿಘಂಟು ಗದಗಿನಲ್ಲಿ ಪ್ರಕಟವಾದದ್ದು. ಕನ್ನಡ ಶಾಲೆ ಕಲಿತ ಎಷ್ಟು ಜನ ಅದರಿಂದ ಇಂಗ್ಲಿಷ್ ಕಲಿತರೋ. ಪುರಾಣ, ವಚನ, ನಾಟಕದ ಪುಸ್ತಕದ ಮೇಲೆ ‘ಶಾಬಾದಿಮಠ ಬುಕ್ ಡಿಪೋ, ಗದಗ’ ಅಂತ ಓದದ ಮನೆ ನಮ್ಮ ಕಡೆ ಕಡಿಮೆ. ಆಗ ಮೊಳೆ ಜೋಡಿಸುವವರು ಒಂದೊಂದು ಸೀಸದ ಅಕ್ಷರವನ್ನು ಕೈಯಿಂದ ಎತ್ತಿ, ತಲೆಕೆಳಗಾಗಿ ಓದಿ, ಒತ್ತಿಗೆ ಒತ್ತು ಕೂಡಿಸ್ತಿದ್ದರು. ಆ ಹಳೇ ಪುಸ್ತಕ ತೆಗೆದು ಇವತ್ತೂ ನೋಡಿ, ಮಸಿ ಮಾಸಿರಬಹುದು, ‘ಧ’ದ ಸೀಳು ಇದ್ದೇ ಇರುತ್ತೆ.

ಇನ್ನೂ ಹಿಂದೆ ಹೋಗಬೇಕಂದರೆ ಗದಗಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಸಾಕು, ಲಕ್ಕುಂಡಿ. ಅಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು ಅನ್ನೋದು ನಮಗೆಲ್ಲ ಶಾಲೆಯಲ್ಲೇ ಗೊತ್ತು. ಸಾವಿರ ವರ್ಷದ ಹಿಂದೆ, ಓಲೆಗರಿಯ ಮೇಲೆ, ಒಂದೊಂದು ಅಕ್ಷರವನ್ನೂ ಕೈಯಿಂದ ಕೊರೆಸಿ. ಒಂದೇ ಪ್ರತಿ ಇದ್ದರೆ ಅದು ಉಳಿಯಲ್ಲ ಅಂತ ಆಕೆಗೆ ಗೊತ್ತಿತ್ತು. ನಮ್ಮ ಕೈಯಲ್ಲಿ ಒಂದು ಕ್ಷಣಕ್ಕೆ ಸಾವಿರ ಪ್ರತಿ ಮಾಡೋ ಯಂತ್ರ ಇದೆ. ನಾವು ಮಾಡ್ತಿರೋದು ಇದ್ದ ಒಂದು ಪ್ರತಿಯ ಅಕ್ಷರವನ್ನೂ ಗೆರೆ ಮಾಡಿ, ಅದರ ಮೇಲೇ ಸೇವ್ ಒತ್ತೋದು.

ನನ್ನ ಅಂಗಡಿಯಲ್ಲಿ ಈಗ ಒಂದು ಕಟ್ಟುಪಾಡು ಮಾಡಿದ್ದೀನಿ. ಪ್ರತಿ ಪುಸ್ತಕಕ್ಕೂ ಮೂರು ಫೈಲ್. ಒಂದು ಪ್ರೆಸ್‌ನದು, ಅದು ಕರ್ವ್ ಆದರೂ ಆಗಲಿ. ಇನ್ನೊಂದು ಅಕ್ಷರ ಇರೋ ಮೂಲ. ಮೂರನೇದು ಬರೀ ಯುನಿಕೋಡ್ ಅಕ್ಷರ, ಚಿತ್ರವಿಲ್ಲ, ಬಣ್ಣವಿಲ್ಲ, ಸಾದಾ ಟೆಕ್ಸ್ಟ್. ಯಾವ ಸಾಫ್ಟ್‌ವೇರ್ ಹೋದರೂ ಅದು ತೆರೆಯುತ್ತೆ. ಮೂರನ್ನೂ ಬರೆಸಿದವರ ಕೈಗೆ ಕೊಟ್ಟು ಕಳಿಸ್ತೀನಿ. ಕೆಲಸದ ಹುಡುಗ ಮೊದಮೊದಲು ನಕ್ಕ. “ಮೂಲ ಫೈಲ್ ಕೊಟ್ರ ಮತ್ತ ನಮ್ಮ ಅಂಗಡಿಗೆ ಯಾಕ ಬರ್ತಾರ್ರಿ?” ಅಂದ. ಬರೋರು ಬರ್ತಾರೆ, ಬಿಡೋರು ಬಿಡ್ತಾರೆ. ಅಕ್ಷರ ನಮ್ಮದಲ್ಲ, ಬರೆದವರದು.

ಪುಸ್ತಕ ಬರೆಸೋ, ಸ್ಮರಣ ಸಂಚಿಕೆ ತರೋ ಹಿರಿಯರಿಗೂ ಒಂದು ಮಾತು. ರೊಕ್ಕ ಕೊಡುವಾಗ ಕಟ್ಟಿದ ಪುಸ್ತಕವನ್ನಷ್ಟೇ ಎಣಿಸಿಕೊಂಡು ಹೋಗಬೇಡ್ರಿ. “ಅಕ್ಷರ ಇರೋ ಫೈಲ್ ಕೊಡ್ರಿ” ಅಂತ ಕೇಳಿ. ಕೊಟ್ಟದ್ದನ್ನು ಅಲ್ಲೇ ತೆರೆಸಿ, ನಿಮ್ಮೂರಿನ ಹೆಸರು ಹುಡುಕಿಸಿ ನೋಡಿ. ಸಿಕ್ಕರೆ ನಿಮ್ಮ ಪುಸ್ತಕ ಬದುಕಿದೆ. ಸಿಗದಿದ್ದರೆ ಕುರ್ಚಿಯಿಂದ ಏಳಬೇಡಿ.

ಮಾಸ್ತರ ಪುಸ್ತಕದ ಎರಡನೇ ಮುದ್ರಣ ನನ್ನ ಮೇಜಿನ ಮೇಲೇ ಇದೆ. ಆ ಊರಿನಿಂದ ಯಾರೇ ಬಂದರೂ ಆ ಹದಿನೇಳು ಹೆಸರಿನ ಪುಟ ತೆಗೆದು ಕೇಳ್ತೀನಿ. ಇದುವರೆಗೆ ನಾಲ್ಕು ಸಿಕ್ಕಿವೆ.